ಸಿಕ್ಕು

ಭಾಗ್ಯನಗರದ ನಮ್ಮ ಷೆಡ್ಡಿಗೆ
ಚೀಲಗಟ್ಟಲೆ ಕೂದಲಾ ಬರ್ತಾವು.
ಬಾಣಂತಿ ಬಾಚಿ ಉಂಡಿ ಮಾಡಿ
ಗ್ವಾಡಿ ಸಂದ್ಯಾಗ ತುರುಕಿದ್ದು,
ಸ್ಟೀಲ್ ವಾಟಗಕ್ಕ ಬದಲಿ ಕೊಟ್ಟದ್ದು,
ಎಲ್ಲಾ ಒಂದ ಚೀಲದಾಗ.
ಯಾರ ತಲೀದು ಯಾವುದು, ಕೇಳಾಂವ ಇಲ್ಲ.
ಸೂಜಿ ಹಿಡದು ಎಳಿ ಎಳಿ ಬಿಡಸ್ತೀವಿ,
ಕಿಲೋಕ್ಕ ಇಷ್ಟು ಅಂತ ಕೂಲಿ.

ಕೂಲಿ ಮುರದಾರಂತ ಹ್ವಾದ ವರ್ಷ ಮಾಬಮ್ಮ
ಫೋನಿನಾಗ ಒಂದ ಸಾಲು ಬರದಿದ್ಳು.
ಮರುದಿನಾ ಆ ಸಾಲು ಹಾಳಿ ಮ್ಯಾಲ ಅಚ್ಚಾಗಿ
ಅಕಿ ಹೆಸರು, ನಂಬರ್ ಸಮೇತ
ಸಾಹುಕಾರ್ರ ಮೇಜಿನ ಮ್ಯಾಲಿತ್ತು.
ಅಕಿ ಕೂಡತಿದ್ದ ಗೋಣಿತಟ್ಟು ಇನ್ನೂ ಅಲ್ಲೇ ಐತಿ.

ಆಮ್ಯಾಲ ಡಿಶ್ ಕೂಡಸೋ ಯಮನೂರ ಬಂದ,
ಗುಜರಿ ರೂಟರು, ಅಂಗೈಯಷ್ಟು ಸೋಲಾರು,
ಎಣ್ಣಿ ಡಬ್ಬಿ. ಡಬ್ಬಿ ತೊಳದಾಕಿ ನಾನ.
ಒಂದು ನಮ್ಮ ಮಾಳಗಿ ಮ್ಯಾಲ,
ಒಂದು ಹಿಟ್ಟಿನ ಗಿರಣಿ ತಗಡಿಗೆ,
ಒಂದು ರೈಲ್ವೆ ಗೇಟಿನಾಚಿ ಮಗ್ಗದ ಮನಿಗೆ.
ಸಿಮ್ಮಿಲ್ಲ, ಕಂಪನಿಯಿಲ್ಲ, ಹೆಬ್ಬಟ್ಟಿಲ್ಲ.
‘ಮಾತು ಡಬ್ಬಿಯಿಂದ ಡಬ್ಬಿಗೆ ಜಿಗಿತೈತಿ, ಅಕ್ಕಾ.
ಡಬ್ಬಿಗೆ ಗೊತ್ತಿರೂದು ಬಾಜೂದ ಡಬ್ಬಿ ಅಷ್ಟ.
ಹುಟ್ಟಿದ್ದೆಲ್ಲಿ, ಮುಟ್ಟೂದೆಲ್ಲಿ, ಅದಕ್ಕ ಬ್ಯಾಡ.’

ನಕ್ಕೆ. ಇದನ್ನ ನಮಗ ಕಲಸ್ತೀಯೇನೋ?
ನಮ್ಮವ್ವನ ಕಾಲದಾಗ ಸುದ್ದಿ
ಕೊಡದಿಂದ ಕೊಡಕ್ಕ ಹೊಕ್ಕಿತ್ತು,
ಮೂರು ಬಾವಿ ದಾಟೂದ್ರಾಗ
ಹೇಳಿದಾಕಿ ಹೆಸರು ನೀರಾಗ ಕರಗಿರ್ತಿತ್ತು.

ಮಂಗ್ಯಾ ಎರಡು ಡಬ್ಬಿ ಕಿತ್ತು ಒಗದ್ವು.
ಮೋಡ ಮುಚ್ಚಿದ ದಿನಾ ಮಾತು ನಿಂತಲ್ಲೇ ನಿಂತ್ವು.
ಅದೆಲ್ಲಾ ಹೋಗಲಿ.
ಒಂದಿನ ಗಾಳೆಮ್ಮನ ಮ್ಯಾಲ
ಬಾಯಿಲೆ ಆಡಬಾರದ ಹೊಲಸು ಬಂತು.
ಯಾರು ಬರದ್ರು? ಯಮನೂರಗೂ ತಿಳೀದು.
ತಿಳೀಬಾರದಂತನ ಕಟ್ಟಿದ್ವೆಲ್ಲಾ.
ರಾತ್ರಿ ನಿಚ್ಚಣಿಕಿ ಹಚ್ಚಿ ಮ್ಯಾಲ ಏರಿದೆ,
ವೈರಿಗೆ ಕೈ ಹಾಕಿದೆ.
ಡಬ್ಬಿ ಬೆಚ್ಚಗಿತ್ತು, ಈಗಷ್ಟ ಇಟ್ಟ ತತ್ತಿ ಹಂಗ.
ಖಾಲಿ ಗೋಣಿತಟ್ಟು ನೆನಪಾತು.
ಬೆಳಕು ಹರಿಯೂಮಟ ಅಲ್ಲೇ ಕುಂತು
ಸುಮ್ಮನ ಇಳದೆ.
ಗಾಳೆಮ್ಮಗ ಏನ ಹೇಳಲಿ? ಏನೂ ಹೇಳಲಿಲ್ಲ.
ಅಕಿ ಪಾಲಿನ ಸಿಕ್ಕು ಅರ್ಧ ನಾ ಬಿಡಿಸಿಕೊಟ್ಟೆ.

ಸೋಮವಾರ ನಸುಕಿಗೆ ಬಂತು ಒಂದ ಸಾಲು:
‘ಇವತ್ತ ತಕ್ಕಡಿಗೆ ಯಾರೂ ಹಾಕಬ್ಯಾಡ್ರಿ.’
ತಕ್ಕಡಿ ಮಧ್ಯಾಹ್ನದಮಟ ಗಾಳಿಗೆ ತೂಗ್ತು.
‘ಯಾರದು? ಯಾರ ಬರದದ್ದು?’
ಸಾಹುಕಾರ್ರು ಒಬ್ಬೊಬ್ಬರ ಮುಂದ ನಿಂತು ಕೇಳಿದ್ರು.
ಒಬ್ಬೊಬ್ಬರೂ ಬಾಜೂದಾಕಿನ ತೋರಿಸಿದ್ವಿ.

ಮಾಬಮ್ಮನ ತಟ್ಟಿನ ಮ್ಯಾಲ ಅವತ್ತ
ಯಾರೋ ಕುಂತಿದ್ಳು, ಸೆರಗು ಮಾರಿಗೆ ಎಳಕೊಂಡು.
ನಾ ಆ ಕಡಿ ನೋಡಲಿಲ್ಲ.