ದಮ್ಮು

ಹಟ್ಟಿಯ ಅಂಗಳದಲ್ಲಿ ಈಗ ಮಣ್ಣಿಲ್ಲ,
ನೀಲಿ ಮ್ಯಾಟು ಹಾಸಿದ್ದಾರೆ.
ನನ್ನದು ಪೆನ್ಸಿಲ್ಲಿನ ಕೆಲಸ: ಯಾರು ಔಟು, ಯಾರು ಎದ್ದರು,
ಯಾರಿಗೆ ಎಷ್ಟು ಪಾಯಿಂಟು.
ಪಕ್ಕದ ಕುರ್ಚಿಯಲ್ಲಿ ಮೌನೇಶ,
ಬಲಗಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ
ಮೈಕನ್ನು ಬೀಡಿಯ ಹಾಗೆ ತುಟಿಗೆ ಹಿಡಿದು.

ತಿಂಥಣಿಯ ಹರಕೆಯ ಹೆಸರು ಅದು.
ಅವರವ್ವ ನಗುತ್ತಿದ್ದಳಂತೆ:
"ಮೌನಪ್ಪ ಕೊಟ್ಟ ಮಗ, ಬಾಯಿ ಮಾತ್ರ ಸಂತ್ಯಾಗಿಂದು."

ಕಂಪನಿ ಅವನನ್ನು ಕೆಲಸಕ್ಕೆ ತಗೊಂಡದ್ದು ಆಟ ನೋಡಿ.
ಬೆಳಿಗ್ಗೆ ಪಂಜರದಲ್ಲಿ ನಿಂತು ಗಣಿಗೆ ಇಳಿಯುವುದು,
ಎರಡು ಸಾವಿರ ಅಡಿ ಕೆಳಗೆ ಬಂಡೆ ಕೊರೆಯುವುದು,
ಸಂಜೆ ಮೇಲೆ ಬಂದು ಮೂಗಿನ ಧೂಳು ತೊಳೆದು
ನೇರ ಅಂಗಳಕ್ಕೆ.
ಕೆಳಗೆ ಗಾಳಿ ಲೆಕ್ಕದ್ದು ಎನ್ನುತ್ತಿದ್ದ,
ಉಸಿರನ್ನು ಉದ್ರಿ ಕೊಡಬಾರದೆಂದು ಅಲ್ಲೇ ಕಲಿತದ್ದು.
ಒಂದೇ ದಮ್ಮಿನಲ್ಲಿ ಮೂವರನ್ನು ಮುಟ್ಟಿ ವಾಪಸಾದಾಗಲೂ
ತೊಡೆ ತಟ್ಟುತ್ತಿರಲಿಲ್ಲ,
ಬನಿಯನ್ನು ಎತ್ತಿ ಮುಖ ಒರೆಸಿಕೊಳ್ಳುತ್ತಿದ್ದ, ಅಷ್ಟೆ.

ಎಂಬತ್ತೊಂಬತ್ತರ ಫೈನಲ್ಲು. ಹಟ್ಟಿ, ಮುದಗಲ್ಲು.
ಸಮ ಸಮ. ಕೊನೆಯ ರೇಡು ಅವನದು.
ಎಡ ಮೂಲೆಯಲ್ಲಿ ನಾನು.
ಕಾಲು ನನ್ನ ಎರಡೂ ಕೈಗೆ ಸಿಕ್ಕಿತು,
ಬೆವರಿನ ಕಾಲು, ಕೆಸರಿನ ಮೀನು.
ನನ್ನ ಮೇಲೇ ಬಿದ್ದ, ನನ್ನನ್ನೂ ಎಳೆದುಕೊಂಡು ತೆವಳಿದ.
ಬೆರಳ ತುದಿ ಗೆರೆಗೆ ತಾಗಿತು, ಸೀಟಿ ಊದಿತು,
ಊರು ಅವನನ್ನು ಹೆಗಲಿಗೆ ಏರಿಸಿಕೊಂಡಿತು.
ನಾನು ಬಿದ್ದಲ್ಲೇ, ಬಾಯೊಳಗೆ ಮಣ್ಣು.

ಆ ರೇಡಿನ ಮಾತು ಆಮೇಲೆ.

ಮೊಣಕಾಲು ಹೋದದ್ದು ಆಟದಲ್ಲಲ್ಲ,
ಲೂನಾದಿಂದ ಬಿದ್ದು. ಅದನ್ನು ಯಾರಿಗೂ ಹೇಳುವುದಿಲ್ಲ.
ಟೈಮಾಫೀಸಿನ ಕುರ್ಚಿ ಕೊಟ್ಟರು, ಹಾಜರಿ ಪುಸ್ತಕ ಕೊಟ್ಟರು.
ಒಂದು ಟೂರ್ನಮೆಂಟಿಗೆ ಬರಬೇಕಿದ್ದ ಮೇಷ್ಟ್ರು ಬರಲಿಲ್ಲ,
ಯಾರೋ ಮೈಕು ಇವನ ಕೈಗಿಟ್ಟರು, ಜೊತೆಗೊಂದು ಚೀಟಿ:
"ಸಮಸ್ತ ಕ್ರೀಡಾಭಿಮಾನಿ ಬಾಂಧವರಲ್ಲಿ ವಿನಂತಿ..."
ಎರಡು ಸಲ ಓದಿದ, ಮೂರನೆಯ ಸಲ ತೊದಲಿದ,
ಚೀಟಿ ಮಡಚಿ ಕಿಸೆಗೆ ತುರುಕಿ ಅಂದ:
"ನೋಡ್ರಪಾ, ಈ ಹುಡುಗ ಎಡಕ್ಕ ನೋಡಾಕತ್ಯಾನ,
ಹೋಗೋದು ಬಲಕ್ಕ. ಸುಳ್ಳ ಕಣ್ಣು, ಖರೇ ಕಾಲು."
ಹುಡುಗ ಬಲಕ್ಕೆ ಹೋದ.
ಶೇಂಗಾ ಮಾರುವವಳೂ ತಿರುಗಿ ನೋಡಿದಳು.

ಅಲ್ಲಿಂದ ರಾಯಚೂರಿನ ರೇಡಿಯೋ, ಅಲ್ಲಿಂದ ಕೇಬಲ್ಲು.
ಸಿಂಧನೂರಿನ ಗದ್ದೆಗಳಲ್ಲಿ ರಾತ್ರಿ ನೀರು ಕಟ್ಟುವವರು,
ಶಕ್ತಿನಗರದಲ್ಲಿ ಬಾಯ್ಲರು ಕಾಯುವವರು.
ಮಾನ್ವಿಯಿಂದ ಕಣ್ಣಿಲ್ಲದ ಅಜ್ಜನೊಬ್ಬ ಕಾಗದ ಬರೆಸಿದ್ದ:
"ನಿನ್ನ ದನಿಯೊಳಗ ನನಗ ಗೆರಿ ಕಾಣಸ್ತಾವ."
ಆ ಕಾಗದಕ್ಕೆ ಪ್ಲಾಸ್ಟಿಕ್ ಹಾಕಿಸಿದ್ದಾನೆ.
ಕಪ್ಪುಗಳನ್ನೆಲ್ಲ ಮೊಮ್ಮಗಳು ಗೊಂಬೆ ಮದುವೆಗೆ ಒಯ್ದಿದ್ದಾಳೆ.

ನಿನ್ನೆ ರಾತ್ರಿ ದೇವದುರ್ಗದ ಹುಡುಗ, ಹತ್ತೊಂಬತ್ತೋ ಇಪ್ಪತ್ತೋ,
ನಾಲ್ವರ ನಡುವೆ ಸಿಕ್ಕಿ, ಜಾರಿ, ಗೆರೆ ಮುಟ್ಟಿದ.
ಜನ ಎದ್ದರು. ರೆಫರಿ ಕೈ ಎತ್ತಿದ.
ನನ್ನ ಪೆನ್ಸಿಲ್ಲು ಕಾಗದಕ್ಕೆ ಇಳಿಯಿತು.
ಮೌನೇಶ ಸುಮ್ಮನಾದ.
ಮೈಕಿನಲ್ಲಿ ಬರೇ ಗದ್ದಲ, ಜನರೇಟರಿನ ಗುಡುಗುಡು.
ಆಮೇಲೆ, ಎಂದೂ ಇಲ್ಲದಷ್ಟು ಮೆಲ್ಲಗೆ:
"ಹುಡುಗನ ದಮ್ಮು ನಡುವ ಮುರೀತು.
ರೆಫರಿಗೆ ಕೇಳಿಲ್ಲ. ನನಗ ಕೇಳ್ತು.
ಯಾಕಂದ್ರ ಎಂಬತ್ತೊಂಬತ್ತರಾಗ, ಇದ ಅಂಗಳದಾಗ,
ನಂದೂ ಹಿಂಗ ಮುರದಿತ್ತು.
ಕೇಳಿದವ ಒಬ್ಬನ. ಕಾಲು ಹಿಡದವ.
ಇಲ್ಲೇ ಕುಂತಾನ, ಬರಕೊಂತ."

ಹೌದು, ಕೇಳಿತ್ತು.
ಅವನ ಎದೆ ನನ್ನ ಕಿವಿಯ ಮೇಲಿತ್ತು.
ಕಬಡ್ಡಿ ಕಬಡ್ಡಿ ಎಂಬುದರ ನಡುವೆ
ಸೂಜಿ ಹೋಗುವಷ್ಟು ಜಾಗ,
ಅಲ್ಲಿ ಗಾಳಿ ಕಳ್ಳನಂತೆ ಒಳಗೆ ನುಸುಳಿದ ಸದ್ದು.
ಇಷ್ಟು ವರ್ಷ ನುಂಗಿಕೊಂಡಿದ್ದೆ;
ಸೋತವನ ಕಿವಿಯನ್ನು ಯಾರು ನಂಬುತ್ತಾರೆ?

ಅವನು ನನ್ನ ಕಡೆ ತಿರುಗಲಿಲ್ಲ. ನಾನೂ.
ಹುಡುಗನ ಹೆಸರಿನ ಮುಂದೆ ಪಾಯಿಂಟು ಬರೆದೆ,
ರೆಫರಿ ಕೊಟ್ಟದ್ದು ಬರೆಯುವುದಷ್ಟೇ ನನ್ನ ಕೆಲಸ.
ಪೆನ್ಸಿಲ್ಲು ಮೊಂಡಾಗಿತ್ತು.
ಮೈಕಿಗೆ ಅಂಗೈ ಅಡ್ಡ ಹಿಡಿದು ಅಂದ,
"ಹುಸೇನಪ್ಪ, ಲಗೂನ ಚೂಪು ಮಾಡ್ಕೊ,
ಮುಂದಿನವ ಹೊಂಟಾನ."