ಎಡದಿಂದ ಎರಡನೆಯದು

ಏಳು ವರ್ಷಕ್ಕೊಮ್ಮೆ ಏಣಿ ಹೊತ್ತು ಬರುತ್ತೇನೆ
ಆಸ್ಕರ್ಬಿ ಹಾಲ್‌ಗೆ,
ಇಲ್ಲದ ಕಿಟಕಿಗೆ ಬಣ್ಣ ಬಳಿಯಲು.

ಮೇಲಿನ ಸಾಲು, ಎಡದಿಂದ ಎರಡನೆಯದು.
ಹೊಗೆಯ ನಳಿಗೆ ಅಲ್ಲೇ ಏರಬೇಕಿತ್ತು,
ಕಿಟಕಿ ಕೊರೆದರೆ ಗೋಡೆ ನಿಲ್ಲದು,
ಕೊರೆಯದಿದ್ದರೆ ಮನೆ ಒಕ್ಕಣ್ಣ.
ಅದಕ್ಕೇ ಇಟ್ಟಿಗೆಯ ಮೇಲೆ ಕಪ್ಪು,
ಕಪ್ಪಿನ ಮೇಲೆ ಬಿಳಿ ಪಟ್ಟಿ, ಹನ್ನೆರಡು ಗಾಜು.
ಲಿಂಕನ್‌ಶೈರಿನ ಈ ಚಪ್ಪಟೆ ರಸ್ತೆಯಿಂದ ನೋಡಿದವರಿಗೆ
ಎಡಬಲ ಸಮ, ತಕ್ಕಡಿ ಹಿಡಿದ ಹಾಗೆ.

ಕಟ್ಟಿಸಿದವನು ಥಿಯೋಫಿಲಸ್ ಸ್ಕೆಲ್ಡನ್, ಉಣ್ಣೆ ವ್ಯಾಪಾರಿ.
ಊರ ಗೋಮಾಳಕ್ಕೆ ಬೇಲಿ ಎಳೆದ ವರ್ಷವೇ
ಮನೆಗೆ ಅಡಿಗಲ್ಲು ಇಟ್ಟ.
'ಲೆಕ್ಕಕ್ಕೆ ಲೆಕ್ಕ ಸರಿಹೋಯ್ತು'
ಅಂತ ಕುಂಚ ತೊಳೆಯುತ್ತ ನಗುತ್ತಿದ್ದ ನನ್ನಜ್ಜ.
ಆ ನಗು ಅರ್ಥವಾಗಲು ನನಗೆ ನಲವತ್ತು ದಾಟಬೇಕಾಯಿತು.

ಈಗಿನ ಒಡತಿ ಹಲ್ಲಿನ ಡಾಕ್ಟರು. ಕೇಳಿದಳು:
ಇದನ್ನು ಒಡೆದು ನಿಜದ್ದು ಇಡಬಾರದೆ?
ಕೌನ್ಸಿಲಿನ ಪೆನೆಲೊಪಿ ಥರ್ಲ್‌ಬಿ ಕಡತ ಮುಚ್ಚಿದಳು:
ಸುಳ್ಳೂ ಸಂರಕ್ಷಿತ, ಮೇಡಂ.

ಈ ಸಲ ತೇವ ನೋಡಲು ಒಳಗೂ ಹೋಗಬೇಕಾಯಿತು.
ಕೋಣೆಯಲ್ಲ, ಗೂಡು. ಮಂಚ ಹಿಡಿದರೆ
ಬಾಗಿಲು ಪೂರಾ ತೆರೆಯದು.
ನಾಲ್ಕು ಪದರ ವಾಲ್‌ಪೇಪರ್ ಸುಲಿದೆ;
ಸುಣ್ಣದ ಮೇಲೆ, ಸುಟ್ಟ ಕಡ್ಡಿಯಲ್ಲಿ ಗೀಚಿದ
ಒಂದು ಕಿಟಕಿ.
ನನ್ನದರ ಬೆನ್ನಿಗೆ ಬೆನ್ನು ಕೊಟ್ಟು.

ಕೆಳಗೆ ಹೆಸರು, ಒಂದಕ್ಷರ ತಿರುವುಮುರುವು: ಕೆಜಾಯಾ.
ಪಗಾರದ ಪುಸ್ತಕದಲ್ಲಿ ಅವಳು ಒಂದೇ ಸಲ ಸಿಗುತ್ತಾಳೆ:
ಪಾತ್ರೆ ತಿಕ್ಕುವವಳು, ವರ್ಷಕ್ಕೆ ಮೂರು ಪೌಂಡು,
ಮೇಣದಬತ್ತಿ ಸ್ವಂತ ಖರ್ಚು.

ಪಟ್ಟಿಗಳೆಲ್ಲ ಸೊಟ್ಟ. ಗಾಜು ಒಂಬತ್ತೋ ಹತ್ತೋ.
ಆದರೆ ಕೆಳಗಿನ ಅರ್ಧವನ್ನು
ಮೇಲಕ್ಕೆತ್ತಿಬಿಟ್ಟಿದ್ದಾಳೆ.
ಅಡಿಪಟ್ಟಿಯ ಮೇಲೆ ಏನೋ ಕೂತಿದೆ,
ಹಕ್ಕಿಯೋ, ಮಡಚಿಟ್ಟ ಒರಸುಬಟ್ಟೆಯೋ.

ಅಜ್ಜ, ಅಪ್ಪ, ನಾನು.
ಮೂರು ತಲೆಮಾರು ಬಣ್ಣ ಬಳಿದೆವು,
ತೆರೆಯಬಹುದೆಂದು ಒಬ್ಬನಿಗೂ ಹೊಳೆಯಲಿಲ್ಲ.

ಥರ್ಲ್‌ಬಿ ಬಂದಳು. ಟಾರ್ಚು ಹಿಡಿದು
ಬಹಳ ಹೊತ್ತು ನಿಂತಳು.
ಪಟ್ಟಿಯಲ್ಲಿಲ್ಲವಲ್ಲ ಇದು, ಅಂದಳು.
ಪೆನ್ನಿಗೆ ಜೇಬು ತಡಕಿದಳು.
ನನ್ನ ಕಿವಿಯ ಹಿಂದಿನ ಪೆನ್ಸಿಲು ಕೊಟ್ಟೆ.

ಬಿಸಿಲು ಇಳಿಯುವ ಮುನ್ನ ಏಣಿ ಹತ್ತಿದೆ.
ಕಪ್ಪು, ಬಿಳಿ, ಹನ್ನೆರಡು ಗಾಜು, ಅಳತೆಗೆ ಅಳತೆ.
ಕಡೆಯ ಪಟ್ಟಿ ಎಳೆಯುವಾಗ ಮಾತ್ರ ಕುಂಚ
ಬೆರಳಗಲ ಮೇಲೆಯೇ ನಿಂತಿತು.

ರಸ್ತೆಯಿಂದ ಕಾಣುವುದಿಲ್ಲ.
ಬಿಲ್ಲಿಗೆ ಎಂದಿನ ದರವನ್ನೇ ಬರೆದೆ.