ಅಟ್ಟ

ಪೀಣ್ಯ ಎರಡನೇ ಹಂತ, ಸ್ಪ್ರಿಂಗ್ ಕಾರ್ಖಾನೆ,
ಮೆಟ್ಟಿಲು ಮುಗಿದು ತಗಡಿನ ಸೂರು ತಲೆಗೆ ತಾಗುವ ಕಡೆ
ಅದು ಕೂತಿದೆ, ಹದಿನೇಳು ವರ್ಷದಿಂದ.
ನಾನು ಸೇರಿದ ದಿನ ಪರದೆ ಹೆಸರು ಕೇಳಿತ್ತು;
ಬೇರೇನೂ ತೋಚದೆ ‘ಅಟ್ಟ’ ಎಂದು ಒತ್ತಿದ್ದೆ.
ಅಂದಿನಿಂದ ಕಾರ್ಖಾನೆಯ ಪತ್ರವೆಲ್ಲ
ಅಟ್ಟ ಹತ್ತಿಯೇ ಇಳಿಯುತ್ತದೆ.

ಈಗ ಮೋಡಕ್ಕೆ ಹೋಗಬೇಕಂತೆ.
ರುದ್ರಾರಾಧ್ಯರು ಮೂರು ಕೊಟೇಶನ್ ತರಿಸಿ
ಕಡಿಮೆಯದಕ್ಕೆ ಸಹಿ ಹಾಕಿದರು:
ತಲೆಗಿಷ್ಟು, ತಿಂಗಳಿಗಿಷ್ಟು.
ಅಟ್ಟ ಹತ್ತದವಳು ಬೆಟ್ಟ ಹತ್ತುತ್ತಾಳಾ, ಅನ್ನುತ್ತಿದ್ದರು ನಮ್ಮ ಮನೆಯಲ್ಲಿ.
ಇಲ್ಲಿ ಅಟ್ಟವೇ ಮೋಡ ಹತ್ತುವ ಹೊತ್ತು,
ನಾನು ಏಣಿ ಹಿಡಿದು ಕೆಳಗೆ.

ಶನಿವಾರ ರಾತ್ರಿ ಒಂಬತ್ತಕ್ಕೆ ಶುರು.
ಒಂದೊಂದು ಪತ್ರವೂ ಎರಡೂ ಕಡೆ ಇರಬೇಕು,
ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯಬೇಕು,
ಇಲ್ಲಿ ಓದಿದ್ದು ಅಲ್ಲೂ ಓದಿದ್ದಾಗಬೇಕು.
ಅಷ್ಟೇ ಕೆಲಸ. ಅವಳಿ ಮಕ್ಕಳಿಗೆ
ಒಂದೇ ಬಟ್ಟೆಯಲ್ಲಿ ಅಂಗಿ ಹೊಲಿದ ಹಾಗೆ.
ಹೊಲಿಯಲು ಕೂತಾಗಲೇ ಗೊತ್ತಾಗುವುದು
ಒಂದು ಕೂಸಿನ ತೋಳು ಉದ್ದ.

ಹತ್ತೂಮುಕ್ಕಾಲಿಗೆ ಫಿಲೋಮಿನಾಳ ಪೆಟ್ಟಿಗೆ ಎರಡೆರಡಾಯಿತು.
ಒಂದು ಇನ್‌ವಾಯ್ಸಿಗೆ ಎರಡು, ಎರಡಕ್ಕೆ ನಾಲ್ಕು,
ದಸರಾ ಬೋನಸ್ಸಿನ ಹಳೇ ಜಗಳ ಕೂಡ ಎರಡು ಸಲ.
ನಿಲ್ಲಿಸಿ, ಗುರುತು ಅಳಿಸಿ, ಮತ್ತೆ ಹಚ್ಚಿದೆ.
ಕಾಲ ಐದೂವರೆ ಗಂಟೆ ಹಿಂದೆ ಜಾರಿತ್ತು;
ಬೆಳಿಗ್ಗೆ ಒಂಬತ್ತರ ಪತ್ರಗಳನ್ನೆಲ್ಲ
ಮೂರೂವರೆಯ ಕತ್ತಲಲ್ಲಿ ಎದ್ದು ಬರೆದಂತೆ.
ಅದನ್ನೂ ಸರಿ ಮಾಡುವಷ್ಟರಲ್ಲಿ ಕರೆಂಟು ಹೋಯಿತು.
ಯುಪಿಎಸ್ಸು ಹಲ್ಲಿಯ ಹಾಗೆ ಲೊಚಗುಟ್ಟಿತು.
ಜನರೇಟರಿಗೆ ಡೀಸೆಲ್ ಸುರಿದು ಬಂದ ವಾಚ್‌ಮನ್ ಬೈಚಪ್ಪ,
‘ಮೇಡಂ, ಇನ್ನೆಷ್ಟು ಬಾಕಿ?’
‘ಇಪ್ಪತ್ತಾರು ಸಾವಿರ.’
ರೂಪಾಯಿ ಅಂದುಕೊಂಡು ಮರುಗಿದ.

ಆಮೇಲೆ ಅಂತೋಣಪ್ಪನ ಪೆಟ್ಟಿಗೆ.
ಡಿಸ್ಪ್ಯಾಚಿನ ಅಂತೋಣಪ್ಪ ಹೋಗಿ ಎರಡು ವರ್ಷ.
‘ಸತ್ತವರಿಗೆ ಸೀಟು ಬೇಡಮ್ಮ’ ಅಂದಿದ್ದರು ಆರಾಧ್ಯರು.
ಕೆಟ್ಟವರಲ್ಲ, ಲೆಕ್ಕ ಹೇಳಿದರು.
ತೆರೆದರೆ, ತನಗೆ ತಾನೇ ಬರೆದ ಪತ್ರಗಳು,
ಪೀಣ್ಯದಿಂದ ಪೀಣ್ಯಕ್ಕೆ, ಅದೇ ಕುರ್ಚಿಯಿಂದ ಅದೇ ಕುರ್ಚಿಗೆ.
‘ಹೊಸೂರು ಲಾರಿ ಗುರುವಾರ.’
‘ಎಂಟನೇ ನಂಬರ್ ತಂತಿ ತುಕ್ಕು ಹಿಡಿದಿದೆ. ಹೇಳಬೇಕು.’
‘ಹೇಳಿದೆ.’
‘ಮತ್ತೆ ಹೇಳಬೇಕು.’
‘ಜೆಸಿಂತಾಳ ಕನ್ನಡಕ, ರಾಜಾಜಿನಗರ. ಚೀಟಿ ಮರೆಯಬೇಡ.’
ಎಲ್ಲ ಓದಿದ್ದು. ಒಂದು ಮಾತ್ರ ದಪ್ಪ ಅಕ್ಷರದಲ್ಲಿ,
ಕೊನೆಯ ಶುಕ್ರವಾರ, ಸಂಜೆ ಆರೂ ಹತ್ತು,
ಸೋಮವಾರ ಬಂದು ನೋಡಲೆಂದು ಕಳಿಸಿಕೊಂಡದ್ದು.

ಈ ಕಸುಬಿನಲ್ಲಿ ‘ಇಣುಕು’ ಎಂಬೊಂದು ಆಜ್ಞೆಯಿದೆ.
ಹಾಗೆ ಓದಿದರೆ ಓದಿದ ಗುರುತು ಬೀಳುವುದಿಲ್ಲ,
ಅಟ್ಟಕ್ಕೂ ತಿಳಿಯದು, ಮೋಡಕ್ಕೂ ತಿಳಿಯದು.
ಕೀಲಿಗಳ ಮೇಲೆ ಬೆರಳಿಟ್ಟೆ.
ತೆಗೆದು ಟೀ ಕುಡಿದೆ. ಆರಿಹೋಗಿತ್ತು.

ಹಂಚಿಕೆಯ ಪೆಟ್ಟಿಗೆಗೆ ಬಾಡಿಗೆ ಇಲ್ಲವೆಂದು
ಕರಾರಿನ ಸಣ್ಣ ಅಕ್ಷರದಲ್ಲಿ ಓದಿದ್ದೆ.
ಅಂತೋಣಪ್ಪನನ್ನು ‘ಡಿಸ್ಪ್ಯಾಚ್, ಎಲ್ಲರಿಗೂ’ ಮಾಡಿದೆ.
ಇದ್ದಾಗಲೂ ಹಾಗೇ ಇದ್ದ;
ಯಾರ ಪಾರ್ಸೆಲ್ಲಾದರೂ ಹುರಿ ಅವನದು.

ಬೆಳಕು ಹರಿದಾಗ ಎಣಿಸಿದೆ.
ಅಟ್ಟದಲ್ಲಿ ೪೧,೩೦೬. ಮೋಡದಲ್ಲಿ ೪೧,೩೦೫.
ಭಾನುವಾರವಿಡೀ ಹುಡುಕಿ ಸಿಕ್ಕಿದ್ದು ನನ್ನದೇ,
ಮೊದಲ ದಿನ, ಗಡಿಯಾರ ಹೊಂದಿಸುವ ಮುನ್ನ
ಪರೀಕ್ಷೆಗೆ ಕಳಿಸಿದ್ದು: ‘ಬಂತಾ?’
ತಾರೀಖಿಲ್ಲದ ಕಾಗದ ಮೋಡಕ್ಕೆ ಬೇಡವಂತೆ.
ಇರಲಿ ಬಿಡು, ಅಟ್ಟದಲ್ಲೇ.

ಸೋಮವಾರ ಡಿಸ್ಪ್ಯಾಚಿನ ಹೊಸ ಹುಡುಗ ಇಲ್ಯಾಸ್
ಕೂತಲ್ಲಿಂದಲೇ ಕೂಗಿದ,
‘ಮೇಡಂ, ಓದದ್ದು ಒಂದಿದೆ. ತೆರೆಯಲಾ?’
‘ಯಾರಿಗೆ ಬರೆದಿದೆ ನೋಡು.’
‘ಡಿಸ್ಪ್ಯಾಚಿಗೆ.’
‘ಮತ್ತೆ ನನ್ನನ್ನೇಕೆ ಕೇಳುತ್ತೀಯ?’

ಓದಿದ. ಏನೂ ಹೇಳದೆ ಎದ್ದುಹೋದ.
ಹತ್ತು ನಿಮಿಷದ ಮೇಲೆ ಗೋಡೌನಿನಿಂದ ಬಂದ,
ಅಂಗೈ ತುಂಬ ತುಕ್ಕು.